ಆಮೆ ಅಂಗಿ

ನೀರಿನಲ್ಲಿ ಮುಳುಗಿದವನನ್ನು ಉಳಿಸಬೇಕಾದರೆ ಮೊದಲು ಅವನನ್ನು ಸ್ವಲ್ಪ ಸಾಯಿಸಬೇಕು ಎಂದು ಕುಲಕರ್ಣಿ ಸಾಹೇಬರು ಹೇಳಿದಾಗ ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕಿದ್ದರು. ವಿನುತಾ ಅಂಬಿಗ ಒಬ್ಬಳು ನಗಲಿಲ್ಲ. ಅವಳ ಅಪ್ಪ ಗುಂಡಬೇಲೆಯ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಆ ಕೆಟ್ಟ ಜಾಗದಲ್ಲಿ, ದೋಣಿ ಮಗುಚಿ ಹೋದವನು. ದಡದಲ್ಲಿ ನಿಂತವರಿಗೆ ಅವನ ತಲೆಯ ರುಮಾಲು ಕಾಣುತ್ತಿತ್ತಂತೆ. ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದವನನ್ನು ತರಲಾಗಲಿಲ್ಲ ಎಂಬ ಮಾತನ್ನು ಕೇಳುತ್ತಲೇ ಅವಳು ದೊಡ್ಡವಳಾಗಿದ್ದಳು. ಹಾಗಾಗಿ ಸಾಹೇಬರ ಮಾತು ಅವಳಿಗೆ ತಮಾಷೆಯಾಗಿ ಕೇಳಲಿಲ್ಲ, ಆಸೆಯಾಗಿ ಕೇಳಿತು.

ಗುಡ್ಡದ ನೆತ್ತಿಯ ಮೇಲೆ, ಮುಳ್ಳುತಂತಿಯ ಬೇಲಿಯೊಳಗೆ ಇದ್ದ ಆ ಪ್ರಯೋಗಾಲಯದ್ದು ಒಂದೇ ಕೆಲಸ. ಯುದ್ಧದ ಹೊತ್ತಿನಲ್ಲಿ ಹಡಗಿನಿಂದ ಸಮುದ್ರಕ್ಕಿಳಿದು ಶತ್ರುವಿನ ದಡ ಹತ್ತುವ ನೀರುಬಂಡಿಗಳನ್ನೂ ಅವುಗಳೊಳಗಿನ ಜವಾನರನ್ನೂ ಕಾಪಾಡುವುದು. ನೀರಿನಲ್ಲಿ ದೋಣಿಯಾಗಿ ತೇಲಿ, ಮರಳು ಸಿಕ್ಕಿದ ಕೂಡಲೇ ಟ್ಯಾಂಕಿನಂತೆ ಓಡುವ ಬಂಡಿ ಅದು. ಅದರ ಉಕ್ಕಿನ ಹೊದಿಕೆ ಗುಂಡು ತಡೆಯುತ್ತದೆ, ನೆಲಬಾಂಬು ತಡೆಯುತ್ತದೆ. ಆದರೆ ದಡದ ಹತ್ತಿರ ಅಲೆ ಒಡೆಯುವಲ್ಲಿ ಅಡ್ಡ ಸಿಕ್ಕಿ ಮಗುಚಿತೋ, ಅದೇ ಉಕ್ಕು ಒಳಗಿದ್ದವರ ಗೋರಿಯಾಗುತ್ತದೆ. ಬಾಗಿಲು ತೆರೆಯುವುದಿಲ್ಲ. ಹೊರಗಿನಿಂದ ಕೊರೆದು ತೆಗೆಯಲು ಗಂಟೆಗಟ್ಟಲೆ ಬೇಕು, ಒಳಗಿದ್ದವನ ಉಸಿರು ಅಷ್ಟು ಹೊತ್ತು ಕಾಯುವುದಿಲ್ಲ. ಬೇರೆಯವರೆಲ್ಲ ಬಂಡಿಯನ್ನು ಗಟ್ಟಿ ಮಾಡುವ ಯೋಚನೆಯಲ್ಲಿದ್ದಾಗ ಕುಲಕರ್ಣಿಯವರು, ಬಂಡಿ ಹಾಳಾಗಿ ಹೋಗಲಿ, ಮನುಷ್ಯ ಕಾಯುವ ಹಾಗೆ ಮಾಡೋಣ ಎಂದರು.

ಚಳಿದೇಶದ ಕೆರೆಗಳಲ್ಲಿ ಆಮೆಗಳು ಮಂಜುಗಡ್ಡೆಯ ಅಡಿ ಇಡೀ ಚಳಿಗಾಲ ಉಸಿರಾಡದೆ ಮಲಗುತ್ತವೆ. ಎದೆ ಬಡಿಯುವುದೂ ಅಪರೂಪ. ಮೈಗೆ ಹಸಿವೇ ಇಲ್ಲದಿದ್ದರೆ ಉಸಿರು ಯಾಕೆ ಬೇಕು? ಆ ನಿದ್ದೆಯನ್ನು ಮನುಷ್ಯನಿಗೆ ಬರಿಸುವ ಔಷಧಿ ಹುಡುಕಲು ವರ್ಷಗಳೇ ಹಿಡಿದವು. ಮೊದಲು ಮಲಗಿದ್ದು ಒಂದು ಆಡು. ನೀರಿನ ತೊಟ್ಟಿಯ ತಳದಲ್ಲಿ ಕಲ್ಲಿನ ಹಾಗೆ ಬಿದ್ದಿದ್ದ ಅದನ್ನು ಎತ್ತಿ, ಬಿಸಿನೀರಿನ ಟಬ್ಬಿನಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಿದಾಗ ಎದ್ದು ನಿಂತು ಸಾಹೇಬರ ಟೈ ಜಗಿಯಿತು. ಅವತ್ತು ಎಲ್ಲರೂ ಅತ್ತಿದ್ದರು, ಸಾಹೇಬರು ಸಹ.

ಆ ಆಡಿನಿಂದ ಅಂಗಿಯವರೆಗೆ ಬಂದಾಗ ಅದಕ್ಕೆ ‘ಕೂರ್ಮ’ ಎಂದು ನಾಮಕರಣವಾಯಿತು. ಸಂಸ್ಕೃತದ ಹೆಸರಿಲ್ಲದ ಯೋಜನೆ ದೆಹಲಿಗೆ ರುಚಿಸುವುದಿಲ್ಲ. ಪ್ರಯೋಗಾಲಯದೊಳಗೆ ಮಾತ್ರ ಎಲ್ಲರೂ ಅದನ್ನು ಆಮೆ ಅಂಗಿ ಎಂದೇ ಕರೆದರು. ನೋಡಲು ದಪ್ಪನೆಯ ತೇಲುವ ಜಾಕೆಟ್ಟು ಅಷ್ಟೆ. ಕುತ್ತಿಗೆಯವರೆಗೆ ನೀರು ಬಂದು, ಹಾಕಿಕೊಂಡವನ ಉಸಿರು ಕಟ್ಟಿತು ಎಂದು ಅಂಗಿಗೆ ಗೊತ್ತಾದರೆ ಸಾಕು, ಕಾಲರಿನೊಳಗಿನ ಸೂಜಿ ಹಿಂಗುತ್ತಿಗೆಗೆ ಚುಚ್ಚುತ್ತದೆ. ಕಾಲರು ಮಂಜಿನಂತೆ ತಣ್ಣಗಾಗಿ ತಲೆಗೆ ಹೋಗುವ ರಕ್ತವನ್ನು ತಂಪು ಮಾಡುತ್ತದೆ. ಆಮೇಲೆ ಅವನ ಎದೆ ಯಾವಾಗಲೋ ಒಮ್ಮೆ, ಮರೆತು ನೆನಪಾದಂತೆ, ಒಂದು ಸಲ ಬಡಿಯುತ್ತದೆ. ಮೈ ತಣ್ಣಗೆ, ಕಣ್ಣಪಾಪೆ ಅಲುಗದು, ನಾಡಿ ಸಿಗದು. ಎಂಥ ವೈದ್ಯನೂ ಸತ್ತಿದ್ದಾನೆ ಎಂದೇ ಹೇಳುತ್ತಾನೆ. ಸತ್ತವನಿಗೂ ಅವನಿಗೂ ಇರುವ ವ್ಯತ್ಯಾಸ ಕಾಲರಿನ ಮೇಲೆ ಮಿಣುಕುವ ಹಸಿರು ದೀಪ ಒಂದೇ. ರಕ್ಷಣೆಗೆ ಬಂದವರು ಎಡಗಡೆಯ ಜೇಬು ಒತ್ತಿದರೆ ಎಬ್ಬಿಸುವ ಸೂಜಿ ಚುಚ್ಚುತ್ತದೆ, ಅವನು ಕೆಮ್ಮಿ ಏಳುತ್ತಾನೆ.

ಹೊಸ ಮಾದರಿಯ ಅಂಗಿಗಳು ಬಂದಾಗ ಹಳೆಯವನ್ನು ಹಿತ್ತಿಲಲ್ಲಿ ಸುಡಬೇಕೆಂದು ಆದೇಶವಾಯಿತು. ಸುಡುವ ಕೆಲಸದ ಮೇಲ್ವಿಚಾರಣೆ ವಿನುತಾಳದ್ದು. ಎರಡು ಅಂಗಿ ಬೆಂಕಿಗೆ ಹೋಗಲಿಲ್ಲ, ಅವಳ ಚೀಲಕ್ಕೆ ಹೋದವು. ತಪ್ಪು ಎಂದು ಗೊತ್ತಿತ್ತು. ಅಪ್ಪ ಹೋದ ಅದೇ ಅಳಿವೆಯಲ್ಲಿ ದಿನಾ ಬೆಳಗಾದರೆ ತಮ್ಮ ದೋಣಿ ದಾಟಿಸುತ್ತಿದ್ದ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ತಮ್ಮನ ಹೆಸರು ಮಹಾಬಲೇಶ್ವರ, ಊರ ಬಾಯಲ್ಲಿ ಮಾಬ್ಲ. ಅವನು ಅಂಗಿಯನ್ನು ಎತ್ತಿ ತೂಕ ನೋಡಿ, "ಎಂತದೆ ಅಕ್ಕಾ ಇದು? ಅಂಗಿಯಾ, ಅಕ್ಕಿ ಮೂಟೆಯಾ?" ಎಂದ.

"ಲೈಫ್ ಜಾಕೆಟ್. ಸುಮ್ನೆ ಹಾಕ್ಕೋ."

"ಇಲಾಖೆಯವ್ರು ಕೊಟ್ಟದ್ದು ಒಂದು ಅದೆಯಲ್ಲೆ. ನಾಯಿ ಮಲಗ್ತದೆ ಅದ್ರ ಮೇಲೆ. ಅದ್ಕೆ ಬೇಜಾರಾಗೂದಿಲ್ವಾ?"

"ಮಾಬ್ಲ, ನಗಾಡಬೇಡ. ಅಳಿವೆ ದಾಟಿ ಒಳಗೆ ಬರೋವರೆಗೆ ಇದನ್ನ ಬಿಚ್ಚುದಿಲ್ಲ ಅಂತ ಹೇಳು."

ಅವಳ ಮುಖ ನೋಡಿ ಅವನು ನಗು ನಿಲ್ಲಿಸಿದ. "ಆಯ್ತು ಮಾರಾಯ್ತಿ, ಬಿಚ್ಚುದಿಲ್ಲ" ಎಂದ.

ಜಗಲಿಯ ಮೇಲೆ ಕೂತು ಗಂಜಿ ಉಣ್ಣುತ್ತಿದ್ದ ಪರಮ ತಲೆಯೆತ್ತಿದ. ಪರಮ ಎಂದರೆ ಪರಮೇಶ್ವರ, ಮಾಬ್ಲನ ದೋಣಿಯ ಜೊತೆಗಾರ, ಚಡ್ಡಿ ಹಾಕುವ ಕಾಲದಿಂದ ಇದೇ ಮನೆಯ ಗಂಜಿ ಕುಡಿದು ಬೆಳೆದವನು. "ನಂಗೊಂದು ಇಲ್ವಾ ಅಕ್ಕಾ? ನಾ ಎಂತ ಮೀನಾ?"

ಎರಡನೆಯ ಅಂಗಿ ಆಗಲೇ ತಾಯಿಯ, ಮಕ್ಕಳ ಬಾಯಲ್ಲಿ ಅವ್ವಿಯ, ಕೈಯಲ್ಲಿತ್ತು. "ನಿಂಗೆ ನಿನ್ನ ಹೆಂಡ್ತಿ ತರ್ತದೆ, ಸುಮ್ನಿರು. ಇದು ಮನೇಲೆ ಇರ್ಲಿ. ಅದು ಹಳತಾದ್ರೆ ಮಾಬ್ಲಂಗೆ ಇದು" ಎಂದು ಅವ್ವಿ ಅದನ್ನು ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಎಲ್ಲರೂ ನಕ್ಕರು. ಪರಮನ ಮದುವೆ ಗೊತ್ತಾಗಿತ್ತು, ಅವನೂ ನಾಚಿ ನಕ್ಕ. ವಿನುತಾಳೂ ನಕ್ಕಳು.

ಅಂಗಿ ಇನ್ನೇನು ಮಾಡುತ್ತದೆ ಎಂಬ ಮಾತು ಅವಳ ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಪ್ರಯೋಗಾಲಯದ ಗುಟ್ಟು ಹೊರಗೆ ಬಿಟ್ಟರೆ ಜೈಲು. ಅದಕ್ಕಿಂತ ಹೆಚ್ಚಾಗಿ, ಇದು ನಿನ್ನ ಮಗನನ್ನು ಸ್ವಲ್ಪ ಹೊತ್ತು ಸಾಯಿಸುತ್ತದೆ ಅವ್ವಿ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ಅಂಗಿ ಅವತ್ತೇ ಒಲೆ ಸೇರುತ್ತಿತ್ತು. ಮುಳುಗಿದರೆ ಕೂಡಲೇ ತನಗೆ ಫೋನು ಬರುತ್ತದೆ, ಬಂದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡು ಸುಮ್ಮನಾದಳು.

ಮಾರ್ಗಶಿರದ ಒಂದು ಮಧ್ಯಾಹ್ನ. ಹೊಸ ಮಾದರಿಯ ಕೊನೆಯ ಪರೀಕ್ಷೆ. ಗುಡ್ಡದ ಕೆಳಗಿನ ಕೊಲ್ಲಿಯಲ್ಲಿ ಮೂವರು ಜವಾನರನ್ನು ಕೂರಿಸಿದ ನೀರುಬಂಡಿಯನ್ನು ಬೇಕೆಂದೇ ಅಲೆಗೆ ಅಡ್ಡ ತಿರುಗಿಸಿ ಮಗುಚಿದ್ದರು. ಕಂಟ್ರೋಲ್ ರೂಮಿನಲ್ಲಿ ದೆಹಲಿಯಿಂದ ಬಂದವರು, ನೌಕಾಪಡೆಯವರು, ಎಲ್ಲರೂ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು. ಬಂಡಿಯೊಳಗೆ ನೀರು ತುಂಬಿತು. ಮೂವರ ಎದೆಬಡಿತದ ಗೆರೆಗಳು ಹುಚ್ಚೆದ್ದು ಕುಣಿದವು, ಆಮೇಲೆ ಒಂದೊಂದಾಗಿ ಮಲಗಿದವು. ಮೂರೂ ಗೆರೆ ನೆಟ್ಟಗಾದವು. ಕೋಣೆಯಲ್ಲಿ ಚಪ್ಪಾಳೆ. ಮನುಷ್ಯರು ಸತ್ತಂತೆ ಕಂಡಾಗ ಚಪ್ಪಾಳೆ ಬೀಳುವ ಜಾಗ ಭೂಮಿಯ ಮೇಲೆ ಅದೊಂದೇ ಇರಬೇಕು.

ಆ ಚಪ್ಪಾಳೆಯ ನಡುವೆ ಗೇಟಿನ ಕಾವಲುಗಾರ ಬಾಗಿಲಲ್ಲಿ ಬಂದು ನಿಂತ. ಒಳಗೆ ಯಾರೂ ಮೊಬೈಲು ತರುವಂತಿಲ್ಲ, ಏನಿದ್ದರೂ ಗೇಟಿನ ಫೋನಿಗೆ ಬರಬೇಕು. ಅವನು ವಿನುತಾಳನ್ನು ಹೊರಗೆ ಕರೆದು, ನೆಲ ನೋಡುತ್ತ, "ಮೇಡಂ, ನಿಮ್ಮ ಊರಿಂದ ಮೂರ್ನಾಲ್ಕು ಸಲ ಫೋನ್ ಬಂತು. ಪರೀಕ್ಷೆ ಮುಗಿಯೋವರೆಗೆ ಯಾರನ್ನೂ ಕರೀಬಾರ್ದು ಅಂತ ಆರ್ಡರ್ ಇತ್ತು. ದೋಣಿ ಮಗುಚಿತಂತೆ. ನಿಮ್ಮ ತಮ್ಮ, ಅವರ ಜೊತೆಗಿದ್ದವ್ರು, ಇಬ್ರೂ ತೀರ್ಕೊಂಡ್ರಂತೆ" ಎಂದ.

ಅವಳಿಗೆ ಅಳು ಬರಲಿಲ್ಲ. ಮಾಬ್ಲ ಇಲ್ಲ. ಈ ಗುಡ್ಡದ ಮೇಲೆ ಇಷ್ಟು ವರ್ಷ ಯಾಕೆ ಕೂತಿದ್ದಳೋ ಅದು ಇಲ್ಲ. ಯಾರೋ ಕುರ್ಚಿ ತಂದರು, ಯಾರೋ ನೀರು ತಂದರು. ಗರ ಬಡಿದವಳಂತೆ ಕೂತು ಅವಳು ತೆರೆದ ಬಾಗಿಲಿನಿಂದ ಒಳಗಿನ ಪರದೆ ನೋಡುತ್ತಲೇ ಇದ್ದಳು. ಮೂರು ನೆಟ್ಟನೆಯ ಗೆರೆಗಳು. ನಡುವಿನ ಗೆರೆ ಒಂದು ಸಲ, ಒಂದೇ ಸಲ, ಸಣ್ಣಗೆ ಮೇಲೆದ್ದು ಮತ್ತೆ ಮಲಗಿತು.

ಮಾಬ್ಲ ಅಂಗಿ ಹಾಕಿದ್ದ.

ಆಗ ಅವಳಿಗೆ ನಿಜವಾದ ಭಯ ಬಂತು. ಯಾಕೆಂದರೆ ಗುಂಡಬೇಲೆಯಲ್ಲಿ ಕಡಲ ಸಾವಿಗೆ ಬೇರೆಯೇ ಕಟ್ಟಳೆ. ಕಡಲು ಕೊಂದವನನ್ನು ಮನೆಯೊಳಗೆ ತರುವುದಿಲ್ಲ. ಸ್ನಾನ ಮಾಡಿಸುವುದಿಲ್ಲ, ಕಡಲೇ ಮೀಸಿದೆಯಲ್ಲ. ಅವನ ಮೈಮೇಲಿದ್ದುದೆಲ್ಲ ಕಡಲಿಗೇ ವಾಪಸು. ನೀರು ಇಳಿದಿರುವಾಗಲೇ ಬೇಲೆಯ, ಅಂದರೆ ಕಡಲತಡಿಯ, ಮರಳಿನಲ್ಲಿ ಬೆಂಕಿ ಕೊಟ್ಟು ಮುಗಿಸಬೇಕು. ಭರತ ತಿರುಗಿ ಅಲೆ ಮೇಲೆ ಬಂದರೆ ಕಡಲು ಇನ್ನೊಬ್ಬನನ್ನು ಕೇಳುತ್ತದೆ ಎಂಬ ಹೆದರಿಕೆ. ಹಿಂದಾದರೆ ಪೊಲೀಸರು, ಆಸ್ಪತ್ರೆ, ಕೊಯ್ಯುವುದು ಎಂದು ಒಂದು ದಿನವಾದರೂ ಆಗುತ್ತಿತ್ತು. ಈಗ ಅದೂ ಇಲ್ಲ. ಸ್ಥಳಕ್ಕೆ ಬಂದ ವೈದ್ಯರು ಕೈಯಗಲದ ಯಂತ್ರವನ್ನು ಎದೆಗಿಟ್ಟು, ಗೆರೆ ನೆಟ್ಟಗಿದ್ದರೆ ಸತ್ತ ಎಂದು ಹೇಳಿ ಹೋಗುವ ಹೊಸ ಕಾನೂನು ಬಂದು ಕೆಲವು ವರ್ಷಗಳಾಗಿದ್ದವು. ಜನರಿಗೆ ಅನುಕೂಲವಾಗಲಿ ಎಂದೇ ಮಾಡಿದ ಕಾನೂನು.

ಅವಳು ಗೇಟಿಗೆ ಓಡಿದಳು. ಏನಾಯಿತೆಂದು ತಿಳಿಯದೆ ಕುಲಕರ್ಣಿಯವರೂ ಹಿಂದೆಯೇ ಏದುಸಿರು ಬಿಡುತ್ತ ಬಂದರು. ಗೇಟಿನ ಫೋನಿನಿಂದ ಅವ್ವಿಗೆ ಮಾಡಿದಾಗ ಎತ್ತಿದ್ದು ಹೊನ್ನಪ್ಪ, ಊರ ಬುದವಂತ, ಕೇರಿಯ ಮದುವೆ ಮಸಣ ಎರಡನ್ನೂ ನಿಂತು ಮಾಡಿಸುವ ಹಿರಿಯ.

"ಬಾ ತಂಗೀ. ಬೇಗ ಬಾ" ಎಂದ ಹೊನ್ನಪ್ಪ.

"ಮಾವ, ಮಾಬ್ಲ ಸತ್ತಿಲ್ಲ. ಬೆಂಕಿ ಕೊಡಬೇಡಿ. ಅವ ಇನ್ನೂ ನಿದ್ದೆಲಿದ್ದ."

ಆ ಕಡೆ ಫೋನನ್ನು ಎದೆಗೊತ್ತಿಕೊಂಡು ಅವನು ಯಾರಿಗೋ ಹೇಳಿದ್ದು ಇವಳಿಗೆ ಮಸುಕಾಗಿ ಕೇಳಿಸಿತು. "ಪಾಪ, ಹೆಣ್ಣಿನ ತಲೆ ನಿಂತಿಲ್ಲ."

"ತಂಗೀ" ಎಂದು ಮತ್ತೆ ಶುರುಮಾಡಿದ, ಮಗುವಿಗೆ ಹೇಳುವಂತೆ. "ಎಲ್ರಿಗೂ ಹಂಗೇ ಕಾಣ್ತದೆ. ನಿಮ್ಮಪ್ಪ ಹೋದಾಗ ನಿಮ್ಮವ್ವಿಯೂ ಇದನ್ನೇ ಹೇಳಿತ್ತು. ಡಾಕ್ಟ್ರು ನೋಡಿ ಹೋದ್ರು, ಯಂತ್ರದಲ್ಲಿ ಗೆರೆ ನೆಟ್ಟಗೆ ಬಂತು. ಇಬ್ರೂ ಅಳಿವೆಯಿಂದ ಹೊರಗೆ ಒಟ್ಟಿಗೆ ತೇಲ್ತಿದ್ರು, ಕೈ ಕೈ ಹಿಡ್ಕಂಡು. ಬಿಡಿಸುಕೆ ಕಷ್ಟ ಆಯ್ತು. ಅದ್ಕೇ ಇಬ್ರನ್ನೂ ಒಂದೇ ಕಟ್ಟಿಗೇಲಿ ಕಳಿಸುವ ಅಂತ ಮಾಡಿದ್ವಿ."

"ಅವ ಹಾಕಿದ ಅಂಗಿ ಅದೆಯಲ್ಲ ಮಾವ, ಅದೇ ಅವನ್ನ ಮಲಗಿಸಿದ್ದು. ಆ ಅಂಗಿ ಎಲ್ಲದೆ?"

"ಅಂಗಿ ಮಲಗಿಸೂದು ಹೆಂಗೆ ತಂಗೀ? ಮೈಮೇಲಿದ್ದದ್ದೆಲ್ಲ ಕಡಲಿಗೆ ಕೊಟ್ಟಾಯ್ತು. ದೀಪ ಇನ್ನೂ ಮಿಣಕ್ತಿತ್ತು. ಚಾರ್ಜ್ ಅದೆ ಅಂದ್ಕಂಡ್ವಿ."

ಅವಳು ಫೋನಿನ ಬಾಯಿ ಮುಚ್ಚಿ ಕುಲಕರ್ಣಿಯವರ ಕಡೆ ತಿರುಗಿದಳು. ಅವರ ಮುಖ ಬಿಳಿಚಿಕೊಂಡಿತ್ತು.

"ಯಾವ ಅಂಗಿ, ವಿನುತಾ?"

"ಹಳೇದು ಸರ್. ನಾನೇ ಒಯ್ದೆ. ತಮ್ಮ ಬದುಕಿದ್ದಾನೆ, ಅಂಗಿ ಸಮುದ್ರಕ್ಕೆ ಹೋಯ್ತು, ಎಬ್ಬಿಸೋ ಸೂಜಿ ಇಲ್ಲ."

ಸಾಹೇಬರು ಬೈಯಬೇಕೋ ಬೇಡವೋ ಎಂದು ಒಂದು ಗಳಿಗೆ ತೂಗಿದಂತೆ ಕಂಡಿತು. ಆಮೇಲೆ, "ಸೂಜಿ ಇಲ್ಲಂದ್ರ ಏನಾತು? ನಮ್ಮ ಆಡಿಗೆ ಸೂಜಿ ಇತ್ತೇನು? ಬಿಸಿನೀರಾಗ ಎಬ್ಬಿಸಿದ್ವಿಲ್ಲೋ? ನೀರು ಕಾಸಾಕ ಹೇಳವ್ವಾ. ನನ್ನ ಜೀಪ್ ತಗೊಂಡು ಓಡು. ಬೈಯೋದು ಆಮ್ಯಾಲೆ" ಎಂದರು.

ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಬದುಕಿದ್ದಾನೆ ಎಂದರೆ ಯಾರೂ ನಂಬುವುದಿಲ್ಲ. ಸತ್ತಿದ್ದಾನೆ ಎಂದೇ ಒಪ್ಪಿಕೊಂಡು ಬೇಡಬೇಕು. ಅವಳು ದನಿ ತಗ್ಗಿಸಿದಳು.

"ಮಾವ, ಆಯ್ತು. ಹೋದ, ಒಪ್ಕಂಡೆ. ಆದ್ರೆ ನಾ ಬಂದು ಅವಂಗೆ ನೀರು ಹಾಕ್ಬೇಕು. ಬಿಸಿನೀರು. ಅಪ್ಪನಿಗೆ ಒಂದು ತಂಬಿಗೆ ನೀರು ಹಾಕುಕೆ ನಂಗೆ ಆಗ್ಲಿಲ್ಲ. ಇವಂಗಾದ್ರೂ ಹಾಕ್ತೆ."

"ಕಡಲು ಮೀಸಿದ ಮೈಗೆ ಮತ್ತೆ ನೀರಿಲ್ಲ ತಂಗೀ. ನಿಂಗೆ ಗೊತ್ತದೆ."

"ಗೊತ್ತದೆ. ಆದ್ರೂ ಕಾಲಿಗೆ ಬೀಳ್ತೆ ಮಾವ."

ಹೊನ್ನಪ್ಪ ನಿಟ್ಟುಸಿರು ಬಿಟ್ಟ. ಗಟ್ಟಿ ಮನುಷ್ಯನಾದರೂ ಅವನು ಕೆಟ್ಟವನಲ್ಲ. "ಭರತ ತಿರುಗೂವರೆಗೆ ಕಾಯ್ತೆ. ಅದ್ಕಿಂತ ಆಚೆ ನನ್ನ ಕೈಲಿಲ್ಲ. ಮತ್ತೆ, ಇಬ್ರನ್ನೂ ಕಾಯಿಸೂದು ಬೇಡ. ಪರಮನ್ನ ಮೊದ್ಲು ಕಳಿಸ್ತ್ವಿ. ಆಗ್ಲಾ?"

"ಆಗ್ಲಿ ಮಾವ. ಹಂಗೇ ಮಾಡಿ. ಅವ್ವಿಗೆ ಕೊಡಿ."

ಅವ್ವಿಯ ದನಿ ಬತ್ತಿಹೋಗಿತ್ತು. ಹಂಡೆ ತುಂಬ ನೀರು ಕಾಯಿಸಿ ಬೇಲೆಗೆ ತಾ ಎಂದಾಗ, "ಸಾವಿನ ಮನೇಲಿ ಬೆಂಕಿ ಹಾಕೂದಿಲ್ಲ ಮಗಾ" ಎಂದಳು.

"ಹಾಕು ಅವ್ವಿ. ಎಂತಕ್ಕೆ ಅಂತ ಕೇಳಬೇಡ."

ಕೇಳಲಿಲ್ಲ. "ಹಾಕ್ತೆ" ಎಂದಳು ಅಷ್ಟೆ.

ಜೀಪು ಹೆದ್ದಾರಿ ಬಿಟ್ಟು ಗುಂಡಬೇಲೆಯ ಕಡೆ ತಿರುಗುವಲ್ಲಿ ಗಾಳಿಮರಗಳ ತೋಪಿದೆ. ಆ ತೋಪಿನ ಮೇಲೆ ಹೊಗೆ ಏಳುತ್ತಿತ್ತು. ಕಪ್ಪು ಹೊಗೆ, ದಪ್ಪಗೆ, ಗಾಳಿಗೆ ಬಾಗಿ ಕಡಲ ಕಡೆ ಹೋಗುತ್ತಿತ್ತು. ಮಾವ ಮಾತು ತಪ್ಪಿದ. ಕೊಟ್ಟುಬಿಟ್ಟರು. ಒಳಗೆ ಬದುಕಿರುವವನಿಗೆ ಬೆಂಕಿ ಕೊಟ್ಟುಬಿಟ್ಟರು. ಅವಳು ಸೀಟಿನ ಅಂಚು ಹಿಡಿದು ಕೂಗಿದ್ದು ಅವಳಿಗೇ ಕೇಳಲಿಲ್ಲ, ಚಾಲಕ ಬೆಚ್ಚಿ ಬ್ರೇಕು ಒತ್ತಿದ.

ದಾರಿಯ ಬದಿಯಲ್ಲಿ ಬಲೆ ಹೊತ್ತು ನಿಂತಿದ್ದ ಮುದುಕನೊಬ್ಬ ಗುರುತು ಹಿಡಿದು ಹತ್ತಿರ ಬಂದ. "ಅದು ಪರಮಂದು ತಂಗೀ. ನಿಮ್ಮವನು ಇನ್ನೂ ಅಲ್ಲೇ ಇದ್ದ. ನಿಂಗೇ ಕಾಯ್ತಿದ್ರು."

"ಸದ್ಯ" ಎಂದಳು ವಿನುತಾ. ಗಟ್ಟಿಯಾಗಿಯೇ ಎಂದಳು. ಕಣ್ಣಿಂದ ನೀರು ಸುರಿಯಿತು. "ಸದ್ಯ, ನಮ್ಮದಲ್ಲ."

ಮೊದಲು ಅವಳು ಮನೆಗೆ ನುಗ್ಗಿದಳು. ನೀರು ಕಾಯ್ದಿತ್ತು, ಕೇರಿಯ ಇಬ್ಬರು ಹಂಡೆಯನ್ನು ಕೈಗಾಡಿಗೆ ಏರಿಸುತ್ತಿದ್ದರು. ಬಚ್ಚಲಿಂದ ತಂಬಿಗೆ ಎತ್ತಿಕೊಂಡು ತಿರುಗುವಾಗ ಬಾಗಿಲ ಹಿಂದಿನ ಮೊಳೆ ಕಣ್ಣಿಗೆ ಬಿತ್ತು. ಮೊಳೆ ಖಾಲಿ ಇತ್ತು. ನೋಡಿದಳು, ಆದರೆ ಅದು ಅವಳ ತಲೆಗೆ ಹೋಗಲಿಲ್ಲ. ಅವಳ ತಲೆಯಲ್ಲಿ ಜಾಗ ಇದ್ದದ್ದು ಒಬ್ಬನಿಗೆ ಮಾತ್ರ.

ಬೇಲೆಯಲ್ಲಿ ಗಂಡಸರೆಲ್ಲ ಎರಡು ಗುಂಪಾಗಿದ್ದರು. ದಕ್ಷಿಣದ ತುದಿಯಲ್ಲಿ ಚಿತೆ ಉರಿಯುತ್ತಿತ್ತು. ಇತ್ತ ಒಣಬಲೆಯ ಮೇಲೆ ಮಾಬ್ಲ ಮಲಗಿದ್ದ, ಸೊಂಟಕ್ಕೊಂದು ಬಿಳಿ ಪಂಚೆ, ತುಟಿ ನೀಲಿ. ಅವಳು ಮುಟ್ಟಿದಳು. ಕೈ ತಾನಾಗಿ ಹಿಂದೆ ಬಂತು. ಇಷ್ಟು ವರ್ಷ ಇದೇ ತಣ್ಣನೆಯ ಮೈಗಳನ್ನು ಮುಟ್ಟಿ ಕೆಲಸ ಮಾಡಿದವಳು, ಆದರೂ ಇವನು ಸತ್ತೇಹೋಗಿದ್ದಾನೆ ಎಂದೇ ಅವಳಿಗೂ ಅನಿಸಿತು.

"ಐಸ್ ಪೆಟ್ಟಿಗೆ ತನ್ನಿ" ಎಂದಳು. ಮೀನು ತುಂಬುವ ಉದ್ದನೆಯ ದಪ್ಪಗೋಡೆಯ ಪೆಟ್ಟಿಗೆ. ತಂಪನ್ನು ಹೊರಗೆ ಬಿಡದ್ದು ಬಿಸಿಯನ್ನೂ ಬಿಡುವುದಿಲ್ಲ. ಅದರೊಳಗೆ ತಮ್ಮನನ್ನು ಮಲಗಿಸಿ ಎಂದಾಗ ಗುಂಪಿನಲ್ಲಿ ಗುಸುಗುಸು ಎದ್ದಿತು. ಒಂದು ತಂಬಿಗೆ ನೀರಿಗೆ ಒಪ್ಪಿದ್ದ ಹೊನ್ನಪ್ಪ ಮುಂದೆ ಬಂದ.

"ತಂಗೀ, ಇದೆಂತ ಮಾಡ್ತೆ? ಹೆಣಕ್ಕೆ ಮೀನಿನ ಪೆಟ್ಟಿಗೆಯಾ?"

ಉತ್ತರ ಕೊಟ್ಟದ್ದು ಹಂಡೆಯ ಹಿಂದೆಯೇ ಬಂದಿದ್ದ ಅವ್ವಿ. "ನನ್ನ ಮಗ, ನನ್ನ ಹಂಡೆ ನೀರು. ನೀ ಹಿಂದೆ ನಿಲ್ಲು ಹೊನ್ನಪ್ಪ." ಅವಳಿಗೆ ಏನೂ ಗೊತ್ತಿರಲಿಲ್ಲ. ಮಗಳ ಮುಖದಲ್ಲಿ ಏನು ಕಂಡಳೋ, ತಾನೇ ಮಗನ ಕಾಲು ಎತ್ತಿ ಹಿಡಿದಳು.

ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊದಲು ಕೈಗೆ ಹಿತವಾಗುವಷ್ಟು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಆಡಿಗೂ ಹೀಗೇ ಮಾಡಿದ್ದರು. ಅವಸರಪಟ್ಟರೆ ಎದೆ ಒಡೆಯುತ್ತದೆ. ವಿನುತಾ ತಮ್ಮನ ತಲೆಯನ್ನು ಮೊಣಕೈ ಮೇಲಿಟ್ಟು, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು ಹಿಂಗುತ್ತಿಗೆಗೆ ನೀರು ಬಿಡುತ್ತಲೇ ಇದ್ದಳು. ಅಲೆಯ ನೊರೆ ಮೊದಲಿಗಿಂತ ಒಂದು ಮಾರು ಮೇಲೆ ಬಂತು. ಭರತ ತಿರುಗಿತ್ತು. ಹೊನ್ನಪ್ಪ ಅದನ್ನು ನೋಡಿ ಕೆಮ್ಮಿದ. ಅವಳು ತಲೆಯೆತ್ತಲಿಲ್ಲ. ಕಿವಿಯನ್ನು ತಮ್ಮನ ಎದೆಗಿಟ್ಟಳು. ಏನೂ ಇಲ್ಲ. ನೀರು ಆರಿತು, ಚೆಲ್ಲಿ ಮತ್ತೆ ಬಿಸಿ ಹಾಕಿದರು. ಮತ್ತೆ ಕಿವಿಯಿಟ್ಟಳು. ಏನೂ ಇಲ್ಲ.

"ಸಾಕು ತಂಗೀ" ಎಂದ ಹೊನ್ನಪ್ಪ, ಮೆಲ್ಲಗೆ.

ಆಗ ಬಡಿಯಿತು. ಒಳಗೆಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ ಒಂದು ಸಲ. ಅವಳು ಉಸಿರು ಹಿಡಿದಳು. ಇನ್ನೊಂದು. ಆಮೇಲೆ ಇನ್ನೊಂದು, ಬೇಗ. ಮಾಬ್ಲನ ಹೊಟ್ಟೆ ಒಳಗೆ ಎಳೆದುಕೊಂಡಿತು, ಗಂಟಲು ಗೊರಗೊರ ಎಂದಿತು, ಅವನು ಉಪ್ಪುನೀರು ಕಕ್ಕಿ ದೊಡ್ಡದಾಗಿ ಉಸಿರೆಳೆದ.

ಯಾರೂ ಜಯಕಾರ ಹಾಕಲಿಲ್ಲ. ಯಾರೂ ನಗಲಿಲ್ಲ. ಸುತ್ತ ನಿಂತ ಗುಂಪು ಒಟ್ಟಿಗೇ ಹಿಂದೆ ಸರಿಯಿತು. ಒಬ್ಬ ಎದ್ದುಬಿದ್ದು ತೋಪಿನ ಕಡೆ ಓಡಿಹೋದ. ಐದಾರು ಜನ ಕೈ ಮುಗಿದರು, ಯಾರಿಗೆಂದು ಅವರಿಗೇ ಗೊತ್ತಿರಲಿಲ್ಲ. ಹೊನ್ನಪ್ಪ ನಿಂತಲ್ಲೇ ಮರಳಿನ ಮೇಲೆ ಕುಸಿದು ಕೂತು, ಕೊಳ್ಳಿ ಹಿಡಿಯಲು ಸಿದ್ಧವಾಗಿದ್ದ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವ್ವಿ ಮಾತ್ರ ಪೆಟ್ಟಿಗೆಯ ಅಂಚಿಗೆ ಬಾಗಿ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಒರೆಸುತ್ತಲೇ ಇದ್ದಳು.

ವಿನುತಾ ನಗುತ್ತಿದ್ದಳೋ ಅಳುತ್ತಿದ್ದಳೋ. ಗೆದ್ದೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಅಪ್ಪನನ್ನು ತಿಂದ ಅಳಿವೆಯ ಬಾಯಿಂದ ತಮ್ಮನನ್ನು ಕಿತ್ತು ತಂದೆ ಎಂಬ ಸೊಕ್ಕು ಸಹ ಒಂದು ಗಳಿಗೆ ಬಂತು, ಮುಚ್ಚಿಡುವುದು ಯಾಕೆ.

ಮಾಬ್ಲ ಕಣ್ಣು ತೆರೆದಿರಲಿಲ್ಲ. ಆದರೆ ಅವನ ಬಲಗೈ ನೀರಿನೊಳಗೆ ಅತ್ತಿತ್ತ ಆಡುತ್ತಿತ್ತು. ಬೆರಳು ಬಿಚ್ಚುತ್ತಿದ್ದವು, ಮಡಚುತ್ತಿದ್ದವು, ಪಕ್ಕದಲ್ಲಿ ಏನನ್ನೋ ತಡಕುತ್ತಿದ್ದವು. ತುಟಿ ಅಲುಗಿತು. ಅವಳು ಕಿವಿ ಹತ್ತಿರ ಒಯ್ದಳು.

"ಪರಮ" ಎಂದ ಅವನು.

ಆ ಹೆಸರು ಕೇಳಿದ ಮೇಲೇ ಅವಳಿಗೆ ಹೊನ್ನಪ್ಪನ ಮಾತು ನೆನಪಾಯಿತು. ಇಬ್ಬರೂ ಒಟ್ಟಿಗೆ ತೇಲುತ್ತಿದ್ದರು. ಮುಳುಗಿ ಸತ್ತವನು ತೇಲುವುದಿಲ್ಲ, ತಳಕ್ಕೆ ಹೋಗುತ್ತಾನೆ. ಮೇಲೆ ಬರುವುದು ದಿನ ಕಳೆದ ಮೇಲೆ. ಅದನ್ನು ಊರಿಗೆಲ್ಲ ಪಾಠ ಹೇಳಬಲ್ಲವಳು ಅವಳು. ಬಚ್ಚಲ ಬಾಗಿಲ ಹಿಂದಿನ ಮೊಳೆ ಖಾಲಿ ಇತ್ತು. ಅವಳು ಅವ್ವಿಯ ಕಡೆ ತಿರುಗಿ, "ಬಚ್ಚಲಲ್ಲಿದ್ದ ಅಂಗಿ ಎಲ್ಲದೆ?" ಎಂದಳು.

"ಪರಮನ ಮದುವೆ ದಿನ ಮಾಬ್ಲನೇ ಒಯ್ದು ಕೊಟ್ಟ" ಎಂದಳು ಅವ್ವಿ. "ಹೆಂಡ್ತಿ ಎದುರಿಗೇ ತೊಡಿಸಿದ. ನಾನೂ ಬೇಡ ಅನ್ಲಿಲ್ಲ."

ಗುಂಪು ದಾರಿ ಬಿಟ್ಟಿತು. ದಕ್ಷಿಣದ ತುದಿಯಿಂದ, ಚಿತೆಯ ಕಡೆಯಿಂದ, ಒಬ್ಬ ಹುಡುಗಿ ಮರಳಿನಲ್ಲಿ ಕಾಲೆಳೆಯುತ್ತ ಬರುತ್ತಿದ್ದಳು. ಪರಮನ ಹೆಂಡತಿ ನಾಗವೇಣಿ. ಮೊನ್ನೆ ಮೊನ್ನೆಯ ಮದುವೆಯ ಹಸಿರು ಬಳೆ ಕೈಯಲ್ಲಿ ಇನ್ನೂ ಇದ್ದವು. ಸತ್ತವನು ಎದ್ದ ಸುದ್ದಿ ಅವಳಿಗೂ ಮುಟ್ಟಿತ್ತು. ಅವಳು ಐಸ್ ಪೆಟ್ಟಿಗೆಯ ಹತ್ತಿರ ನಿಂತಳು. ಉಸಿರಾಡುತ್ತಿದ್ದ ಮಾಬ್ಲನನ್ನು ನೋಡಿದಳು, ಹಬೆಯಾಡುವ ಹಂಡೆಯನ್ನು ನೋಡಿದಳು, ಕೊನೆಗೆ ವಿನುತಾಳನ್ನು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬರುವಷ್ಟು ಇನ್ನೂ ಅರ್ಥವಾಗಿರಲಿಲ್ಲ.

"ಅಕ್ಕಾ" ಎಂದಳು. "ಇವ್ರ ಅಂಗಿಲೂ ಹಸ್ರು ದೀಪ ಮಿಣಕ್ತಿತ್ತು. ನಾನೇ ಬಿಚ್ಚಿ ಕಡಲಿಗೆ ಬಿಟ್ಟೆ. ಇವ್ರಿಗೂ ಬಿಸಿನೀರು ಹಾಕ್ಬೋದಿತ್ತಾ?"

ವಿನುತಾಳ ಕೈಯಿಂದ ತಂಬಿಗೆ ಜಾರಿ ಮರಳಿಗೆ ಬಿತ್ತು. ಅವಳ ಹಿಂದೆ ಅವ್ವಿಯ ಹಂಡೆಯಲ್ಲಿ ಇನ್ನೂ ಅರ್ಧ ನೀರಿತ್ತು, ಬಿಸಿಯಾಗಿಯೇ ಇತ್ತು.